ಲೈನ್‌ಮನೆ ಮಕ್ಕಳ ಬಗ್ಗೆ ಓದಲು ಹೊರಟಾಗ: ಲೈಬ್ರರಿ ಹುಡುಕಾಟದ ನನ್ನ ಅನುಭವ

ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿಯವರಿಗೆ ಸಾಲಾಗಿ ಕಟ್ಟಿಸಿದ ಲೈನ್‌ಮನೆಗಳಲ್ಲಿರುವ ಯರವ, ಪಣಿಯ, ಜೇನುಕುರುಬ ಬುಡಕಟ್ಟುಗಳ ಮಕ್ಕಳು ಅರ್ಧಕ್ಕೆ ಶಾಲೆ ಬಿಡುವುದು ಯಾಕೆ? ಇದು ನನ್ನ ಪಿಎಚ್‌.ಡಿ. ವಿಷಯ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಹಾಡಿಗಳಲ್ಲಿ (ಬುಡಕಟ್ಟು ಜನರ ವಸತಿಗಳಲ್ಲಿ) ಕೆಲಸ ಮಾಡಿದವಳಿಗೆ ಫೀಲ್ಡ್ ಹೊಸದಲ್ಲ. ಕಾಫಿ ಕೊಯ್ಲು ಶುರುವಾದರೆ ಹಾಜರಿ ಪುಸ್ತಕದಲ್ಲಿ ಯಾವ ಹೆಸರಿನ ಮುಂದೆ ಗೈರು ಬೀಳುತ್ತೆ ಅಂತ ನೋಡದೆಯೇ ಹೇಳಬಲ್ಲೆ. ಆದರೆ ಗೈಡ್‌ಗೆ ಅದು ಸಾಲದು. "ನೀವು ನೋಡಿದ್ದು ಆಮೇಲೆ ಬರೀರಿ. ಬೇರೆಯವರು ಏನು ನೋಡಿದ್ದಾರೆ, ಅದನ್ನ ಮೊದಲು ತನ್ನಿ" ಅಂದರು.

ಗೂಗಲ್‌ನಲ್ಲಿ ಕೊಡಗು ಅಂತ ಹೊಡೆದರೆ ಬರುವುದು ಹೋಂಸ್ಟೇ ಮತ್ತು ಜಲಪಾತ. ಹಾಗಾಗಿ ಲೈಬ್ರರಿ ಕಡೆಗೇ ಹೋದೆ.

ಸಮಾಜಕಾರ್ಯ ಓದಿದವರು ಲೈಬ್ರರಿಯಲ್ಲಿ ನೇರ ಹೋಗುವುದು 361, 362ರ ಕಪಾಟಿಗೆ. ಪುಸ್ತಕಗಳಿಗೆ ವಿಷಯದ ಪ್ರಕಾರ ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಸಮಾಜಕಾರ್ಯ, ಸಮಾಜ ಕಲ್ಯಾಣ ಎಲ್ಲ ಅಲ್ಲೇ ಇರೋದು. ಅಲ್ಲಿ ಸಿಗುವುದು ಬಹುಪಾಲು ಪಠ್ಯಪುಸ್ತಕ. ಕೇಸ್‌ವರ್ಕ್ ಅಂದರೇನು, ಗ್ರೂಪ್‌ವರ್ಕ್ ಅಂದರೇನು, ಅಷ್ಟೇ. ನನ್ನ ಮಕ್ಕಳು ಆ ಕಪಾಟಿನಲ್ಲಿ ಇರಲಿಲ್ಲ. ಬುಡಕಟ್ಟಿನ ಪುಸ್ತಕ 305.8ರಲ್ಲಿ. ತೋಟದ ಕೂಲಿಯ ವಿಚಾರ 331ರಲ್ಲಿ. ಶಾಲೆ, ಶಿಕ್ಷಣ 370ರಿಂದ ಆಚೆ. ಕಾಫಿ ಬೆಳೆ ಅಂತೂ 633.73, ಕೃಷಿ ವಿಭಾಗದ ಮೂಲೆಯಲ್ಲಿ. ಆ ಮೂಲೆಗೆ ಸಮಾಜಕಾರ್ಯದವರು ಯಾಕೆ ಹೋಗ್ತಾರೆ ಹೇಳಿ? ಆದರೆ ಅರೇಬಿಕಾ ಕೊಯ್ಲು ಯಾವಾಗ, ರೊಬಸ್ಟಾ ಯಾವಾಗ, ಎಷ್ಟು ವಾರ ಆಳು ಬೇಕು ಅನ್ನೋದಕ್ಕೆ ಮೂಲ ತೋರಿಸಬೇಕಾದಾಗ ನನಗೆ ನೆರವಾಗಿದ್ದು ಆ ಕಪಾಟೇ. ಕೊಯ್ಲಿನ ಕ್ಯಾಲೆಂಡರ್ ಪಕ್ಕದಲ್ಲಿ ಶಾಲೆಯ ಕ್ಯಾಲೆಂಡರ್ ಇಟ್ಟು ನೋಡಿದರೆ ಅರ್ಧ ಕಥೆ ಅಲ್ಲೇ ಇದೆ. ನಮ್ಮ ವಿಷಯ ಯಾವತ್ತೂ ಒಂದೇ ಕಪಾಟಿನಲ್ಲಿ ಇರಲ್ಲ. ಇದು ಗೊತ್ತಿಲ್ಲದೆ "ಈ ವಿಷಯದ ಮೇಲೆ ಯಾರೂ ಕೆಲಸ ಮಾಡಿಲ್ಲ" ಅಂತ ಬರೆದುಬಿಡೋರು ಜಾಸ್ತಿ.

ಆನ್‌ಲೈನ್ ಹುಡುಕಾಟದಲ್ಲೂ ಇದೇ ಕಥೆ. ಕೊಡಗು 1956ರವರೆಗೆ ಬೇರೆಯೇ ರಾಜ್ಯ. ಹಳೆಯ ದಾಖಲೆಗಳಲ್ಲೆಲ್ಲ ಕೂರ್ಗ್, ಮರ್ಕೆರಾ. ಹೊಸದರಲ್ಲಿ ಕೊಡಗು, ಮಡಿಕೇರಿ. ಎರಡನ್ನೂ ಹಾಕಿ ನಡುವೆ ಇಂಗ್ಲಿಷಿನ 'OR' (ಅಥವಾ) ಪದ ಸೇರಿಸಿ ಹುಡುಕಬೇಕು. ಜೇನುಕುರುಬ ಅನ್ನೋದನ್ನ ಒಬ್ಬರು ಬಿಡಿಸಿ ಬರೆದರೆ ಇನ್ನೊಬ್ಬರು ಕೂಡಿಸಿ ಬರೀತಾರೆ. ಯರವರು ತಮ್ಮನ್ನು ರಾವುಳ ಅಂತ ಕರೆದುಕೊಳ್ಳುತ್ತಾರೆ, ಗಡಿ ದಾಟಿ ವಯನಾಡಿಗೆ ಹೋದರೆ ಅವರೇ ಅಡಿಯ. ಕುಟ್ಟದ ಚೆಕ್‌ಪೋಸ್ಟ್ ದಾಟಿದರೆ ಅದೇ ಜನ, ಅದೇ ಕಾಫಿ, ಅದೇ ಕೂಲಿ. ಆದರೆ ಕೇರಳದ ಕಡೆ ನಡೆದಿರುವ ಅಧ್ಯಯನ ತುಂಬಾ ಜಾಸ್ತಿ. ಪಣಿಯ ಮಕ್ಕಳ ಶಾಲೆ ಬಗ್ಗೆ ನನಗೆ ಸಿಕ್ಕ ಒಳ್ಳೆಯ ಲೇಖನಗಳು ಹೆಚ್ಚಾಗಿ ವಯನಾಡಿನವೇ. ಕೊಡಗು ಅಂತ ಮಾತ್ರ ಹುಡುಕಿದ್ದರೆ ಒಂದೂ ಕಣ್ಣಿಗೆ ಬೀಳ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ಶೋಧಗಂಗಾ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಈ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಇವೆ. ದುಡ್ಡಿಲ್ಲ, ಪಾಸ್‌ವರ್ಡ್ ಇಲ್ಲ. ಅಧ್ಯಾಯಕ್ಕೆ ಒಂದರಂತೆ ಪಿಡಿಎಫ್ ಇರುತ್ತೆ, ಹಾಗಾಗಿ ಇಡೀ ಪ್ರಬಂಧ ಇಳಿಸಬೇಕಿಲ್ಲ. ನಾನು ಮೊದಲು ತೆಗೆಯುವುದು ಕೊನೆಯ ಫೈಲ್, ಅಂದರೆ ಗ್ರಂಥಸೂಚಿ. ಆಮೇಲೆ ಸಾಹಿತ್ಯ ಸಮೀಕ್ಷೆಯ ಅಧ್ಯಾಯ. ಪ್ರಬಂಧದ ಗುಣಮಟ್ಟ ಒಂದೊಂದರದ್ದು ಒಂದೊಂದು ಥರ, ಕೆಲವನ್ನು ಓದಿದರೆ ನಿದ್ದೆ ಬರುತ್ತೆ. ಆದರೆ ಸುಮಾರಾದ ಪ್ರಬಂಧದಲ್ಲೂ ಗ್ರಂಥಸೂಚಿ ಚೆನ್ನಾಗಿರಬಹುದು. ನಾಲ್ಕೈದು ಪ್ರಬಂಧಗಳ ಸೂಚಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲದರಲ್ಲೂ ಬರುವ ಹೆಸರುಗಳು ಇರುತ್ತವಲ್ಲ, ಅವನ್ನು ಮೂಲದಲ್ಲೇ ಓದಲೇಬೇಕು. ಒಬ್ಬರು ಉಲ್ಲೇಖಿಸಿದ್ದನ್ನು ಇನ್ನೊಬ್ಬರು ಹಾಗೇ ಎತ್ತಿಕೊಂಡು, ಪುಟಸಂಖ್ಯೆಯ ತಪ್ಪು ಸಮೇತ ಸಾಗಿಸಿರೋದು ಆಗಲೇ ಗೊತ್ತಾಗೋದು. ಇದು ಹಿಂದಕ್ಕೆ ಹೋಗುವ ದಾರಿ. ಮುಂದಕ್ಕೆ ಬರಲು ಗೂಗಲ್ ಸ್ಕಾಲರ್ ಇದೆ. ಲೇಖನದ ಕೆಳಗಿರುವ 'ಸೈಟೆಡ್ ಬೈ' ಒತ್ತಿದರೆ ಅದನ್ನು ಆಮೇಲೆ ಯಾರು ಯಾರು ಬಳಸಿದ್ದಾರೆ ಅಂತ ಬರುತ್ತೆ. ಪಕ್ಕದ 'ಆಲ್ ವರ್ಷನ್ಸ್' ಒತ್ತಿದರೆ ಕೆಲವು ಸಲ ದುಡ್ಡು ಕೇಳುವ ಲೇಖನದ ಉಚಿತ ಪ್ರತಿಯೂ ಸಿಗುತ್ತೆ.

ಲೈಬ್ರರಿಯನ್ ವಿಚಾರಕ್ಕೆ ಬರ್ತೀನಿ. "ಸರ್, ಟ್ರೈಬಲ್ ಬಗ್ಗೆ ಏನಾದ್ರೂ ಇದ್ಯಾ?" ಅಂತ ಕೇಳಿದರೆ "ಆ ಕಡೆ ನೋಡಿ" ಅನ್ನೋ ಉತ್ತರವೇ ಬರುತ್ತೆ. ಇನ್ನೇನು ಹೇಳ್ತಾರೆ ಪಾಪ! ನಾನು ಚೀಟಿ ಬರೆದುಕೊಂಡು ಹೋಗಲು ಶುರುಮಾಡಿದೆ. ಲೇಖಕರ ಹೆಸರು, ವರ್ಷ, ಲೇಖನದ ಪೂರ್ತಿ ಶೀರ್ಷಿಕೆ, ಜರ್ನಲ್, ಸಂಪುಟ, ಸಂಚಿಕೆ, ಪುಟ. ಒಂದು ಚೀಟಿಗೆ ಒಂದೇ ಲೇಖನ. ಅದನ್ನು ನೋಡಿದ ಕೂಡಲೇ ಲೈಬ್ರರಿಯನ್ ಕನ್ನಡಕ ಏರಿಸಿಕೊಂಡು ಕಂಪ್ಯೂಟರ್ ಕಡೆ ತಿರುಗಿದರು. "ಕೂತ್ಕೊಳ್ಳಮ್ಮ. ನಮ್ಮಲ್ಲಿಲ್ಲ, ಡೆಲ್‌ನೆಟ್‌ನಲ್ಲಿ ಕೇಳೋಣ" ಅಂದರು. ಡೆಲ್‌ನೆಟ್ ಸದಸ್ಯರಾಗಿರುವ ಲೈಬ್ರರಿಗಳು ಒಂದರಿಂದ ಒಂದು ಪುಸ್ತಕ ಎರವಲು ತರಿಸಿಕೊಳ್ಳಬಹುದು, ಲೇಖನದ ಪ್ರತಿಯನ್ನೂ ಪಡೆಯಬಹುದು. ಇದನ್ನು ನಾವಾಗಿ ಮಾಡೋಕೆ ಆಗಲ್ಲ, ಲೈಬ್ರರಿ ಮೂಲಕವೇ ಆಗಬೇಕು. ಕಾಲೇಜಿನಲ್ಲಿರುವವರು ಎನ್-ಲಿಸ್ಟ್ (ಕಾಲೇಜುಗಳಿಗೆ ಆನ್‌ಲೈನ್ ಜರ್ನಲ್ ಒದಗಿಸುವ ಯೋಜನೆ) ಲಾಗಿನ್ ಇದೆಯಾ ಅಂತಲೂ ಕೇಳಿ. ಕಾಲೇಜು ಅದಕ್ಕೆ ಸೇರಿಕೊಂಡಿದ್ದರೆ ನಿಮ್ಮದೇ ಐಡಿ, ಪಾಸ್‌ವರ್ಡ್ ಕೊಡ್ತಾರೆ, ಮನೆಯಿಂದಲೇ ಜರ್ನಲ್ ಓದಬಹುದು. 2025ರ ಜನವರಿಯಿಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯೂ ಬಂದಿದೆ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಲ್ಲಿ ಸಿಗುತ್ತವೆ.

ಯಾವ ಸಂಸ್ಥೆಗೂ ಸೇರದೆ ಎನ್‌ಜಿಒದಲ್ಲಿ ಇರುವವರು ಜರ್ನಲ್‌ಗಳ ಆನ್‌ಲೈನ್ ಭಂಡಾರವಾದ ಜೆಸ್ಟೋರ್‌ನಲ್ಲಿ ಉಚಿತ ಖಾತೆ ತೆರೆಯಿರಿ. ತಿಂಗಳಿಗೆ 100 ಲೇಖನದವರೆಗೆ ಆನ್‌ಲೈನ್‌ನಲ್ಲೇ ಓದಬಹುದು. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯ ಹಳೆಯ ಸಂಚಿಕೆಗಳು ಅಲ್ಲಿವೆ. ತೋಟದ ಕಾರ್ಮಿಕರ ವಿಚಾರಕ್ಕೆ ಅದನ್ನು ಬಿಟ್ಟರೆ ಗತಿ ಇಲ್ಲ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1940ರಿಂದ ತರುತ್ತಿರುವ ಇಂಡಿಯನ್ ಜರ್ನಲ್ ಆಫ್ ಸೋಶಿಯಲ್ ವರ್ಕ್ ಕೂಡ ಬಿಡಬೇಡಿ. ಅಮೆರಿಕದ ಲೇಖನಗಳನ್ನೇ ತುಂಬಿ ಕೊನೆಗೆ ಕೊಡಗಿನ ಒಂದು ಹಾಡಿ ಸೇರಿಸಿದ ಪ್ರಬಂಧಗಳನ್ನು ನೋಡಿದ್ದೀನಿ. ಓದೋಕೆ ವಿಚಿತ್ರವಾಗಿರುತ್ತೆ.

ಸರ್ಕಾರಿ ವರದಿಗಳಿಗೆ ಮೈಸೂರಿನ ಬುಡಕಟ್ಟು ಸಂಶೋಧನಾ ಸಂಸ್ಥೆಯನ್ನು ಕೇಳಬೇಕು. ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಡಿಜಿಟಲ್ ಭಂಡಾರವೂ ಇದೆ. ಕನ್ನಡದಲ್ಲಿ ಬೇಕಾದರೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಬುಡಕಟ್ಟು ಅಧ್ಯಯನದ ಪ್ರಕಟಣೆಗಳನ್ನು ನೋಡಿ. ಸಮಾಜಕಾರ್ಯದವರು ಇವನ್ನು ಜಾನಪದ ಅಂತ ಪಕ್ಕಕ್ಕಿಡ್ತಾರೆ. ನನಗೆ ಅದು ಸರಿ ಅನ್ನಿಸಲ್ಲ. ಹಾಡಿಯ ಒಳಗಿನ ಸಂಬಂಧ, ಮದುವೆಯ ವಯಸ್ಸು, ಮಕ್ಕಳನ್ನು ಯಾರು ನೋಡಿಕೊಳ್ತಾರೆ, ಇವೆಲ್ಲ ಅಲ್ಲೇ ಸಿಗೋದು.

ಯಾವ ಜರ್ನಲ್ ನಂಬಬೇಕು ಅನ್ನೋದು ಮಾತ್ರ ಈಗ ಕಷ್ಟ. ಮೊದಲು ಯುಜಿಸಿ-ಕೇರ್ ಪಟ್ಟಿ (ವಿಶ್ವವಿದ್ಯಾಲಯ ಅನುದಾನ ಆಯೋಗ ಒಪ್ಪಿದ ಜರ್ನಲ್‌ಗಳ ಪಟ್ಟಿ) ತೋರಿಸಿದರೆ ಆಗ್ತಿತ್ತು. 2025ರ ಫೆಬ್ರವರಿಯಲ್ಲಿ ಅದನ್ನು ಕೈಬಿಟ್ಟರು. ನಾನು ನೋಡುವುದು ಮೂರೇ ವಿಷಯ: ಸಂಪಾದಕ ಮಂಡಳಿಯಲ್ಲಿ ಇರುವವರು ನಿಜವಾಗಿ ಆ ವಿಷಯದವರಾ, ಲೇಖನದಲ್ಲಿ ಮಾಹಿತಿ ಹೇಗೆ ಸಂಗ್ರಹಿಸಿದರು ಅಂತ ಬಿಡಿಸಿ ಹೇಳಿದ್ದಾರಾ, ದುಡ್ಡು ಕಟ್ಟಿದರೆ ವಾರದಲ್ಲಿ ಪ್ರಕಟಿಸ್ತೀವಿ ಅಂತ ಬರೆದುಕೊಂಡಿದ್ದಾರಾ. ಮೂರನೆಯದಕ್ಕೆ ಹೌದು ಅಂತ ಉತ್ತರ ಬಂದರೆ ಅಲ್ಲಿಗೇ ಮುಚ್ಚಿಬಿಡ್ತೀನಿ.

ಇನ್ನು ನಮ್ಮೂರಿನ ಮಳೆ. ಜೂನ್ ಬಂದರೆ ಕರೆಂಟ್, ನೆಟ್ ಎರಡನ್ನೂ ನಂಬೋ ಹಾಗಿಲ್ಲ. ಬೇಕಾದ ಪಿಡಿಎಫ್‌ಗಳನ್ನು ಮೇ ಒಳಗೆ ಇಳಿಸಿ, ಫೈಲಿಗೆ ಲೇಖಕರ ಹೆಸರು ಮತ್ತು ವರ್ಷ ಕೊಟ್ಟು, ಉಲ್ಲೇಖಗಳನ್ನು ಜೋಡಿಸಿಡುವ ಝೊಟೆರೊ ತಂತ್ರಾಂಶದಲ್ಲಿ ಸೇರಿಸಿಡಿ. ಅದು ಉಚಿತ, ಲ್ಯಾಪ್‌ಟಾಪ್‌ನಲ್ಲಿ ನೆಟ್ ಇಲ್ಲದೆಯೂ ನಡೆಯುತ್ತೆ. ಓದೋ ಕೆಲಸಕ್ಕೆ ಮಳೆಗಾಲ ಬೇಕಾದಷ್ಟಿದೆ.