ಸರ್ವಿಸ್ ಆದ ಮೇಲೆ ಸಿಗ್ನಲ್‌ನಲ್ಲಿ ಕಾರು ಆಫ್: ಕಾರಣ ಹುಡುಕಿದ ನನ್ನ ಅನುಭವ

ಸರ್ವಿಸ್ ಮುಗಿಸಿ ತಂದ ಮಾರನೇ ದಿನವೇ ನನ್ನ ಕಾರು ಸಿಗ್ನಲ್ ಹತ್ತಿರ ಆಫ್ ಆಯಿತು. ಕ್ಲಚ್ ತುಳಿದು ನಿಲ್ಲಿಸಲು ಹೋದೆ. ಆರ್‌ಪಿಎಂ ಮುಳ್ಳು 1500ರಿಂದ ಇಳಿಯಿತು, 750ರಲ್ಲಿ ನಿಲ್ಲಬೇಕಾದದ್ದು ಹಾಗೇ 400ಕ್ಕೆ ಜಾರಿತು, ಇಂಜಿನ್ ಒಂದು ಸಲ ಗಡಗಡ ನಡುಗಿ ನಿಂತೇ ಹೋಯಿತು. ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್. ಮುಂದಿನ ಸಿಗ್ನಲ್‌ನಲ್ಲಿ ಮತ್ತೆ ಅದೇ. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಏನೂ ತೊಂದರೆ ಇಲ್ಲ, ಬಿಸಿಯಾದ ಮೇಲೆ ಮಾತ್ರ ಈ ಕಾಟ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಓಡುತ್ತಿರುವಾಗ ಇಂಜಿನ್ ನಿಂತರೆ ಸ್ಟೀರಿಂಗ್ ಗಟ್ಟಿಯಾಗಬಹುದು, ಬ್ರೇಕ್ ಬೂಸ್ಟರ್‌ನಲ್ಲಿ (ಬ್ರೇಕ್ ಒತ್ತಲು ನೆರವಾಗುವ ಭಾಗ) ಉಳಿದ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟಕ್ಕೆ ಮಾತ್ರ ಸಾಲುತ್ತದೆ. ಬ್ರೇಕನ್ನು ಪದೇಪದೇ ಪಂಪ್ ಮಾಡದೆ ಒಂದೇ ಸಮ ಒತ್ತಿ ಹಿಡಿಯಿರಿ. ಕೀ ಮಾತ್ರ ಹೊರಗೆ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು. ಕಾರಣ ಸಿಗುವವರೆಗೆ ನಾನು ಟ್ರಾಫಿಕ್ ಇರುವ ರಸ್ತೆಗೆ ಗಾಡಿ ಇಳಿಸಲಿಲ್ಲ.

ಇಂಥ ಹೊತ್ತಿನಲ್ಲಿ ಸುತ್ತಲಿನವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಫ್ಯೂಯಲ್ ಪಂಪ್ ಹೋಗಿದೆ, ಪೆಟ್ರೋಲ್ ಸರಿ ಇಲ್ಲ, ಇಗ್ನಿಷನ್ ಕಾಯಿಲ್ ಬದಲಿಸು ಅಂತ. ಆದರೆ ಸರ್ವಿಸ್‌ಗೆ ಮುಂಚೆ ಚೆನ್ನಾಗಿದ್ದ ಗಾಡಿ, ಆದ ಮೇಲೆ ಕೆಟ್ಟಿದೆ. ಹಾಗಾದರೆ ಮೊದಲ ಅನುಮಾನ ಕೈ ಆಡಿದ ಜಾಗದ ಮೇಲೇ ಬರಬೇಕು, ಅಲ್ವಾ? ಬಿಲ್ ತೆಗೆದು ಏನೇನು ಮುಟ್ಟಿದ್ದಾರೆ ಅಂತ ನೋಡಿದೆ. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ನಾಲ್ಕು ಸ್ಪಾರ್ಕ್ ಪ್ಲಗ್, ಆಮೇಲೆ ಥ್ರಾಟಲ್ ಬಾಡಿ (ತೆರೆದು ಮುಚ್ಚುವ ಪ್ಲೇಟಿನಿಂದ ಇಂಜಿನ್‌ಗೆ ಗಾಳಿ ಬಿಡುವ ಭಾಗ) ಬಿಚ್ಚಿ ಕ್ಲೀನಿಂಗ್. ಇಷ್ಟೇ.

ಬಾನೆಟ್ ತೆಗೆದು ಇವಿಷ್ಟನ್ನೂ ಒಂದೊಂದಾಗಿ ಮುಟ್ಟಿ ನೋಡಿದೆ. ಆಯಿಲ್ ಕ್ಯಾಪ್ ಬಿಗಿಯಾಗಿದೆ, ಡಿಪ್‌ಸ್ಟಿಕ್ ಪೂರ್ತಿ ಕೂತಿದೆ (ಕೆಲವು ಇಂಜಿನ್‌ಗಳಲ್ಲಿ ಇವೆರಡು ಸಡಿಲ ಇದ್ದರೂ ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಇಂಜಿನ್ ಓಡುವುದು, ಕೆಡುತ್ತದೆ). ಏರ್ ಫಿಲ್ಟರ್ ಡಬ್ಬದ ಕ್ಲಿಪ್ಪುಗಳು ಸರಿಯಾಗಿವೆ. ಅದರ ಪಕ್ಕದ, ಒಳಗೆ ಹೋಗುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್‌ನ ಕನೆಕ್ಟರ್ ತೆಗೆದು ಟಕ್ ಅನ್ನುವ ಹಾಗೆ ಮತ್ತೆ ಕೂರಿಸಿದೆ. ಅರ್ಧ ಕೂತ ಕನೆಕ್ಟರ್ ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಎಳೆದು ನೋಡಿದರೆ ಮಾತ್ರ ಗೊತ್ತಾಗುವುದು. ಕಾಯಿಲ್ ಕನೆಕ್ಟರ್‌ಗಳೂ ಗಟ್ಟಿ ಇದ್ದವು. ಏನೂ ಸಿಗಲಿಲ್ಲ.

ಆಗ ಒಂದು ತಪ್ಪು ಮಾಡಿದೆ. ಥ್ರಾಟಲ್ ಬಾಡಿ ಕ್ಲೀನ್ ಮಾಡಿದ ಮೇಲೆ ಐಡಲ್ ಹೊಸದಾಗಿ ಕಲಿಸಬೇಕಾಗುತ್ತದೆ ಅಂತ ಗೊತ್ತಿತ್ತು. ಯಾಕೆಂದರೆ ಒಳಗಿನ ಪ್ಲೇಟ್ ಸುತ್ತ ಕಟ್ಟಿದ ಮಸಿಯ ಲೆಕ್ಕವನ್ನೂ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಇಷ್ಟು ದಿನ ನೆನಪಿಟ್ಟುಕೊಂಡು ಪ್ಲೇಟನ್ನು ತೆರೆಯುತ್ತಿರುತ್ತದೆ, ಮಸಿ ಹೋದ ಮೇಲೆ ಆ ಹಳೇ ಲೆಕ್ಕ ಹೊಂದುವುದಿಲ್ಲ. ಸರಿ ಅಂತ ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿ, ಮ್ಯಾನುಯಲ್‌ನಲ್ಲಿ ಹೇಳಿದ ಹಾಗೆ ಐಡಲ್ ರೀಲರ್ನ್ ಮಾಡಿದೆ. ಐಡಲ್ ಸುಧಾರಿಸಲಿಲ್ಲ, ಮೊದಲಿಗಿಂತ ಹಾಳಾಯಿತು. ಜೊತೆಗೆ ಇಸಿಯು ಒಳಗೆ ಉಳಿದಿದ್ದ ಸಾಕ್ಷಿಯೆಲ್ಲ ಅಳಿಸಿಹೋಯಿತು. ಸ್ಕ್ಯಾನರ್ ಹಾಕಿ ಓದಿಕೊಳ್ಳುವುದಕ್ಕೆ ಮುಂಚೆ ಬ್ಯಾಟರಿ ಮುಟ್ಟಲೇಬಾರದಿತ್ತು. ಈಗ ನಾನು ಯಾರಿಗೆ ಹೇಳಿದರೂ ಇದನ್ನೇ ಮೊದಲು ಹೇಳುತ್ತೇನೆ.

ಮತ್ತೆ ಎರಡು ದಿನ ಖಾಲಿ ರಸ್ತೆಯಲ್ಲಿ ಸ್ವಲ್ಪ ಸ್ವಲ್ಪ ಓಡಿಸಿ, ಇಸಿಯು ಒಳಗಿನ ಮಾಹಿತಿ ಓದುವ ಒಬಿಡಿ ಸ್ಕ್ಯಾನರ್ ಹಾಕಿದೆ. ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಚಿಕ್ಕ ಡಬ್ಬಿ, ಅಷ್ಟೇ. ಚೆಕ್ ಇಂಜಿನ್ ಲೈಟ್ ಇನ್ನೂ ಬಂದಿರಲಿಲ್ಲ, ಆದರೆ ಪೆಂಡಿಂಗ್‌ನಲ್ಲಿ (ಇನ್ನೂ ಖಾತ್ರಿಯಾಗದ ದೋಷಗಳ ಪಟ್ಟಿಯಲ್ಲಿ) ಪಿ0171 ಅನ್ನುವ ಕೋಡ್ ಕೂತಿತ್ತು. ಅಂದರೆ ಮಿಶ್ರಣ ಲೀನ್: ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪೆಟ್ರೋಲ್ ಇಂಜಿನ್‌ಗೆ 1 ಪಾಲು ಪೆಟ್ರೋಲ್‌ಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಅದು ತಪ್ಪಿದಾಗ ಆಕ್ಸಿಜನ್ ಸೆನ್ಸರ್ ಹೇಳುತ್ತದೆ, ಇಸಿಯು ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿ ಸರಿದೂಗಿಸುತ್ತದೆ. ಎಷ್ಟು ಸರಿದೂಗಿಸುತ್ತಿದೆ ಅನ್ನುವ ಲೆಕ್ಕಕ್ಕೆ ಫ್ಯೂಯಲ್ ಟ್ರಿಮ್ ಅನ್ನುತ್ತಾರೆ; ಪ್ಲಸ್ ಅಂದರೆ ಅಷ್ಟು ಶೇಕಡಾ ಪೆಟ್ರೋಲ್ ಹೆಚ್ಚಿಸುತ್ತಿದೆ ಅಂತ.

ನನಗೆ ದಾರಿ ತೋರಿಸಿದ್ದು ಕೋಡ್ ಅಲ್ಲ, ಈ ಟ್ರಿಮ್. ಬಿಸಿ ಇಂಜಿನ್, ಐಡಲ್‌ನಲ್ಲಿ ಶಾರ್ಟ್ ಟರ್ಮ್ (ಈ ಕ್ಷಣದ್ದು) +9, ಲಾಂಗ್ ಟರ್ಮ್ (ಇಸಿಯು ಕಲಿತು ಇಟ್ಟುಕೊಂಡದ್ದು) +18. ಕೂಡಿದರೆ +27. 10ರ ಒಳಗಿದ್ದರೆ ಚಿಂತೆ ಇಲ್ಲ, ಇದು ತುಂಬಾ ಜಾಸ್ತಿ. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದೆ. ಎರಡೂ ಕೂಡಿ +7ಕ್ಕೆ ಇಳಿಯಿತು. ಆಕ್ಸಿಲರೇಟರ್ ಬಿಟ್ಟೆ, ಮತ್ತೆ ಏರಿತು. ಮೂರು ಸಲ ಮಾಡಿ ನೋಡಿದೆ, ಮೂರೂ ಸಲ ಹಾಗೇ.

ಇದರ ಅರ್ಥ ಏನೆಂದರೆ, ಥ್ರಾಟಲ್ ಆದ ಮೇಲೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿದೆ. ಐಡಲ್‌ನಲ್ಲಿ ಥ್ರಾಟಲ್ ಹೆಚ್ಚು ಕಡಿಮೆ ಮುಚ್ಚಿರುತ್ತದೆ, ಮ್ಯಾನಿಫೋಲ್ಡ್ (ಥ್ರಾಟಲ್‌ನಿಂದ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಎಳೆತ ಜೋರಾಗಿರುತ್ತದೆ, ಇಂಜಿನ್ ಕುಡಿಯುವ ಒಟ್ಟು ಗಾಳಿಯೂ ಸ್ವಲ್ಪವೇ. ಅಂಥ ಹೊತ್ತಲ್ಲಿ ಒಂದು ಸಣ್ಣ ಸಂದಿನ ಗಾಳಿಯೂ ದೊಡ್ಡ ಪಾಲಾಗುತ್ತದೆ. ಬಿಂದಿಗೆಗೆ ಒಂದು ಲೋಟ ನೀರು ಜಾಸ್ತಿ ಬಿದ್ದರೆ ಗೊತ್ತಾಗುತ್ತದೆ, ಕೆರೆಗೆ ಬಿದ್ದರೆ ಗೊತ್ತಾಗುವುದಿಲ್ಲ, ಹಾಗೆ. ಇದೇ ತೊಂದರೆ ಫ್ಯೂಯಲ್ ಪಂಪ್‌ನದ್ದಾಗಿದ್ದರೆ ಉಲ್ಟಾ ಇರುತ್ತಿತ್ತು: ಐಡಲ್‌ನಲ್ಲಿ ಪರವಾಗಿಲ್ಲ, ಪೆಟ್ರೋಲ್ ಜಾಸ್ತಿ ಬೇಕಾದಾಗ ಟ್ರಿಮ್ ಏರುವುದು. ಒಂದು ರೂಪಾಯಿ ಪಾರ್ಟ್ ತರದೇ ಪಂಪ್ ಮಾತು ಅಲ್ಲಿಗೇ ಮುಗಿಯಿತು. ಬೆಳಿಗ್ಗೆ ಯಾಕೆ ಸರಿ ಇರುತ್ತಿತ್ತು ಅನ್ನುವುದೂ ತಿಳಿಯಿತು. ತಣ್ಣನೆ ಇಂಜಿನ್‌ಗೆ ಇಸಿಯು ತಾನಾಗೇ ಪೆಟ್ರೋಲ್ ಜಾಸ್ತಿ ಕೊಡುತ್ತದೆ, ಐಡಲನ್ನೂ ಏರಿಸಿ ಇಡುತ್ತದೆ.

ಇದು ಏರ್ ಫ್ಲೋ ಸೆನ್ಸರ್ ಇರುವ ಗಾಡಿಗಳ ಮಾತು. ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇರುವ ಇಂಜಿನ್‌ನಲ್ಲಿ ಇಂಥ ಲೀಕ್ ಆದರೆ ಆಫ್ ಆಗುವುದಕ್ಕಿಂತ ಐಡಲ್ ಏರಿ ಕೂರುವುದೇ ಜಾಸ್ತಿ.

ಈಗ ಸಂದು ಹುಡುಕಬೇಕು. ಸುಮಾರು ಒಂದು ಮೀಟರ್ ರಬ್ಬರ್ ಪೈಪ್ ತೆಗೆದುಕೊಂಡೆ. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಇಂಜಿನ್ ಮೇಲೆ ನಿಧಾನಕ್ಕೆ ಆಡಿಸುತ್ತಾ ಹೋದೆ. ಫ್ಯಾನ್, ಬೆಲ್ಟ್ ಕಡೆಗೆ ಪೈಪೂ ತೋಳೂ ಹೋಗದಂತೆ ನೋಡಿಕೊಳ್ಳಿ. ಬ್ರೇಕ್ ಬೂಸ್ಟರ್ ಪೈಪ್ ಹತ್ತಿರ ಸದ್ದಿಲ್ಲ. ಇಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವ ಪಿಸಿವಿ ಪೈಪ್ ಹತ್ತಿರ ಸದ್ದಿಲ್ಲ. ಥ್ರಾಟಲ್ ಬಾಡಿ ಮ್ಯಾನಿಫೋಲ್ಡ್‌ಗೆ ಕೂಡುವ ಜಾಗದ ಕೆಳಮಗ್ಗುಲಿಗೆ ಬಂದಾಗ ಸುಯ್ಯ್ ಅಂತ ಸಣ್ಣಗೆ, ಒಂದೇ ಸಮನೆ ಕೇಳಿಸಿತು. ಪೈಪನ್ನು ಎರಡು ಬೆರಳಷ್ಟು ಪಕ್ಕಕ್ಕೆ ಸರಿಸಿದರೆ ನಿಲ್ಲುತ್ತಿತ್ತು. ಖಾತ್ರಿ ಮಾಡಿಕೊಳ್ಳಲು ಅದೇ ಸಂದಿಗೆ ಸ್ಪ್ರೇ ಬಾಟಲಿಯಿಂದ ಚೂರೇ ಚೂರು ನೀರು ಬಿಟ್ಟೆ. ಸುಯ್ಯ್ ಸದ್ದು ಕ್ಷಣ ನಿಂತು ಮತ್ತೆ ಶುರುವಾಯಿತು. ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ಹುಡುಕುವವರಿದ್ದಾರೆ, ಬಿಸಿ ಇಂಜಿನ್ ಮೇಲೆ ಅದು ಬೆಂಕಿಗೆ ದಾರಿ. ನಾನು ಮಾಡುವುದಿಲ್ಲ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ನಾಲ್ಕು ಬೋಲ್ಟ್ ಬಿಚ್ಚಿ ಥ್ರಾಟಲ್ ಬಾಡಿ ಎಳೆದೆ. ಅದರ ಹಿಂದೆ ತೋಡಿನಲ್ಲಿ ಕೂರುವ ರಬ್ಬರ್ ರಿಂಗ್ ಇದೆ. ಮೇಲೆಲ್ಲ ಸರಿಯಾಗಿ ಕೂತಿತ್ತು. ಕೆಳಗೆ ಮಾತ್ರ ಒಂದು ಉಗುರಿನಷ್ಟು ಉದ್ದ ತೋಡಿನಿಂದ ಹೊರಗೆ ಬಂದು, ಎರಡು ಲೋಹದ ನಡುವೆ ಸಿಕ್ಕಿ ಚಪ್ಪಟೆಯಾಗಿ, ಅಂಚು ಸೀಳಿತ್ತು. ಆ ಸೀಳಿನ ಎರಡೂ ಕಡೆ ರಬ್ಬರ್ ಹೊಳೆಯುತ್ತಿತ್ತು, ಉಳಿದ ಕಡೆ ಮಂಕು. ಮೇಲಿನಿಂದ ಎಷ್ಟು ಬಗ್ಗಿ ನೋಡಿದರೂ ಕಾಣುವ ಜಾಗ ಅಲ್ಲ ಅದು.

ಹೊಸ ರಿಂಗ್ ತಂದು, ಎರಡೂ ಮುಖ ಒಣ ಬಟ್ಟೆಯಲ್ಲಿ ಒರೆಸಿ, ರಿಂಗ್ ಸುತ್ತ ಬೆರಳಾಡಿಸಿ ಎಲ್ಲೂ ಉಬ್ಬಿಲ್ಲ ಅಂತ ನೋಡಿ ಕೂರಿಸಿದೆ. ಬೋಲ್ಟ್‌ಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿನದು, ಜೋರು ಮಾಡಿದರೆ ಬಿರುಕು ಬಿಡುತ್ತದೆ. ಕೋಡ್ ಕ್ಲಿಯರ್ ಮಾಡಿ ಐಡಲ್ ರೀಲರ್ನ್ ಇನ್ನೊಂದು ಸಲ ಮಾಡಿದೆ. ಬಿಸಿಯಾದ ಮೇಲೆ ಐಡಲ್‌ನಲ್ಲಿ ಟ್ರಿಮ್ +2. ಇಂಜಿನ್ ಮೇಲೆ ಭಾರ ಬೀಳಲಿ ಅಂತ ಎಸಿ ಹಾಕಿದೆ, ಹೆಡ್‌ಲೈಟ್ ಹಾಕಿದೆ, ಸ್ಟೀರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ಹಿಡಿದೆ. ಮುಳ್ಳು ಒಂದು ಸಲ ಇಳಿದು 750ಕ್ಕೇ ಬಂದು ನಿಂತಿತು.

ಹಳೇ ರಿಂಗನ್ನು ಸರ್ವಿಸ್ ಮಾಡಿದ ಹುಡುಗನಿಗೆ ತೋರಿಸಿದೆ. ಬೈಯುವುದಕ್ಕಲ್ಲ, ಏನಾಗಿತ್ತು ಅಂತ ನನಗೆ ಗೊತ್ತಾಗಬೇಕಿತ್ತು. ಅವನು ಅದನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದ. "ಸರ್, ರಿಂಗ್ ತೆಗೆಯದೇ ಕ್ಲೀನರ್ ಹೊಡೆದಿದ್ದೆ, ಉಬ್ಬಿಕೊಂಡಿತ್ತು. ಹಾಗೇ ಒತ್ತಿ ಕೂರಿಸಿಬಿಟ್ಟೆ," ಅಂದ.