ಬೆಳ್ಳಿ ಅಸಲಿ, ರೂಪಾಯಿ ನಕಲಿ: ಬ್ರಿಟಿಷ್ ಕಾಲದ ರೂಪಾಯಿ ಪರೀಕ್ಷಿಸುವ ಬಗೆ

1835ರಿಂದ 1939ರವರೆಗಿನ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಶೇ. 91.7. ವ್ಯಾಸ 30.5 ಮಿ.ಮೀ. ಆಸುಪಾಸು. ಈ ಅಂಕಿಗಳು ನಕಲಿ ಮಾಡುವವನಿಗೂ ಗೊತ್ತು. ಸಾಮಾನ್ಯ ವರ್ಷದ ರೂಪಾಯಿಗಳನ್ನು ಕರಗಿಸಿ ಅಪರೂಪದ ವರ್ಷದ ಅಚ್ಚಿನಲ್ಲಿ ಹೊಡೆದುಬಿಟ್ಟರೆ ತಕ್ಕಡಿಯೂ ಒರೆಗಲ್ಲೂ ಅದನ್ನು ಅಸಲಿ ಎಂದೇ ಹೇಳುತ್ತವೆ. ಆದ್ದರಿಂದ ಲೋಹದ ಪರೀಕ್ಷೆ ಅಗ್ಗದ ನಕಲಿಗಳನ್ನು ಜರಡಿ ಹಿಡಿಯಲು ಮಾತ್ರ.

ಆ ಜರಡಿಗೆ 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ಒಣಗಿದ್ದಾಗಲೇ ತೂಗಿ. ಬಳಿಕ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಹೊಲಿಗೆ ದಾರಕ್ಕೆ ಕಟ್ಟಿದ ನಾಣ್ಯವನ್ನು ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. 11.66 ಗ್ರಾಂ ನಾಣ್ಯಕ್ಕೆ ಸುಮಾರು 1.13 ಗ್ರಾಂ ಬರಬೇಕು. 1.34ರ ಹತ್ತಿರ ಬಂದರೆ ಜರ್ಮನ್ ಸಿಲ್ವರ್ (ಬೆಳ್ಳಿಯೇ ಇಲ್ಲದ ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ) ಇರಬಹುದು, 1.22 ಬಂದರೆ 1940ರಿಂದ ಬಳಸಿದ ಶೇ. 50ರ ಬೆಳ್ಳಿ. ಅಂಟಿಕೊಂಡ ಗಾಳಿಗುಳ್ಳೆ ಲೆಕ್ಕ ಕೆಡಿಸುತ್ತದೆ, ಮುಳುಗಿಸಿದ ಮೇಲೆ ಒಮ್ಮೆ ಅಲುಗಾಡಿಸಿ.

ತೂಕವನ್ನು ಸವೆತದ ಜೊತೆ ಸೇರಿಸಿ ಓದುವುದನ್ನು ಹಲವರು ಮರೆಯುತ್ತಾರೆ. ವಿಕ್ಟೋರಿಯಾ ರಾಣಿಯ ಕೂದಲ ಗೆರೆಗಳೆಲ್ಲ ಅಳಿಸಿಹೋಗಿ ತೂಕ ಮಾತ್ರ ಪೂರ್ತಿ 11.66 ಇದ್ದರೆ ಅನುಮಾನಿಸಿ: ಕೈಯಿಂದ ಕೈಗೆ ಸಾಗಿ ಸವೆದ ನಾಣ್ಯ ತೂಕವನ್ನೂ ಕಳೆದುಕೊಂಡಿರುತ್ತದೆ.

ಇನ್ನು 10 ಪಟ್ಟು ಹಿಗ್ಗಿಸುವ ಲೂಪ್ ತೆಗೆದುಕೊಳ್ಳಿ. ಮೇಜಿನ ದೀಪದ ಬೆಳಕು ಓರೆಯಾಗಿ ಬೀಳಲಿ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರಗಳ ಬುಡದಲ್ಲಿ ಸೂಜಿಮೊನೆಯಂಥ ತೂತುಗಳು, ಅಂಚಿನ ಕಚ್ಚುಗಳ ಮೇಲೆ ಅರದಿಂದ ಉಜ್ಜಿದ ಗುರುತು ಕಾಣುತ್ತವೆ. ಇದು ಸುಲಭ.

ಅಸಲಿ ನಾಣ್ಯದಿಂದಲೇ ಅಚ್ಚು ತೆಗೆದು ಹೊಡೆದ ನಕಲಿಯೇ ನಿಜವಾದ ಸವಾಲು. ಮೂಲ ನಾಣ್ಯದಲ್ಲಿದ್ದ ಗೀರು, ತಗ್ಗುಗಳೂ ಆ ಅಚ್ಚಿಗೆ ಇಳಿದಿರುತ್ತವೆ. ನಿಜವಾಗಿ ಪೆಟ್ಟು ಬಿದ್ದ ಜಾಗದಲ್ಲಿ ಲೋಹ ಪಕ್ಕಕ್ಕೆ ಸರಿದು ಚೂಪಾದ ಏಣು ಎದ್ದಿರುತ್ತದೆ. ಅಚ್ಚಿನಿಂದ ಬಂದ ತಗ್ಗಿನ ಅಂಚು ಮೊಂಡಾಗಿ, ಒಳಗಿನ ಹೊಳಪು ಸುತ್ತಲಿನ ಹೊಳಪಿನಂತೆಯೇ ಇರುತ್ತದೆ. ಕೊಳ್ಳುವ ಮುನ್ನ ಅದೇ ವರ್ಷದ ನಾಣ್ಯಗಳ ಮಾರಾಟದ ಫೋಟೋಗಳನ್ನು ಹುಡುಕಿ ಪಕ್ಕಪಕ್ಕ ಇಟ್ಟು ನೋಡಿ. ಬೇರೆ ಬೇರೆ ನಾಣ್ಯಗಳ ಕೆನ್ನೆಯ ಮೇಲೆ ಅದೇ ಜಾಗದಲ್ಲಿ, ಅದೇ ಆಕಾರದ ಗಾಯವಿದ್ದರೆ ಕೊಳ್ಳಬೇಡಿ. ನಮ್ಮ ಮಟ್ಟಿಗೆ ಇದಕ್ಕಿಂತ ಬಲವಾದ ಸಾಕ್ಷಿ ಮನೆಯಲ್ಲಿ ಸಿಗುವುದು ಕಷ್ಟ.

ತಿದ್ದಿದ ನಾಣ್ಯಗಳ ಕಥೆಯೇ ಬೇರೆ. ಅಲ್ಲಿ ನಾಣ್ಯ ಅಸಲಿ, ಸುಳ್ಳು ಇರುವುದು ಇಸವಿಯಲ್ಲಿ. 1939ರ ರೂಪಾಯಿ ಅಪರೂಪವಾದ್ದರಿಂದ 1938ರ ಕೊನೆಯ 8ನ್ನು 9 ಮಾಡುತ್ತಾರೆ. ಆ ಅಂಕಿಯ ಸುತ್ತ ಮಾತ್ರ ಮೇಲ್ಮೈ ಕೆರೆದಂತಿದೆಯೇ, ಎತ್ತರ ಉಳಿದ ಅಂಕಿಗಳಿಗಿಂತ ಬೇರೆಯೇ, ಬುಡದಲ್ಲಿ ಅಂಟಿಸಿದ ಗೆರೆ ಇದೆಯೇ ನೋಡಿ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ಇಸವಿಗಿಂತ ರಾಜನ ನಿಲುವಂಗಿಯ ಮೇಲಿನ ಆನೆಯೇ ಹೆಚ್ಚು ಹೇಳುತ್ತದೆ. ಗಿಡ್ಡ ಸೊಂಡಿಲಿನಿಂದ ಅದು ಹಂದಿಯಂತೆ ಕಾಣುತ್ತದೆಂಬ ದೂರು ಬಂದು, 1912ರಲ್ಲಿ ಚಿತ್ರ ತಿದ್ದಲಾಯಿತು. ಇಸವಿ 1911, ಆನೆಗೆ ಮಾತ್ರ ಉದ್ದ ಸೊಂಡಿಲು ಎಂದರೆ ಯಾರೋ ಕೈಯಾಡಿಸಿದ್ದಾರೆ.

ಇತಿಹಾಸವೂ ಕೆಲವನ್ನು ತಕ್ಷಣ ಹಿಡಿದುಕೊಡುತ್ತದೆ. ವಿಕ್ಟೋರಿಯಾ ಹೆಸರಿನ ಜೊತೆ 'ಎಂಪ್ರೆಸ್' ಎಂಬ ಪದ ಬಂದದ್ದು 1877ರ ನಾಣ್ಯಗಳಿಂದ; 1862ರ ರೂಪಾಯಿಯಲ್ಲಿ ಅದಿರಲು ಸಾಧ್ಯವಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಹೆಸರು ಹೊತ್ತ, 1818ರ ರಾಮ ದರ್ಬಾರಿನ 'ಆಣೆ'ಗಳನ್ನು ಕಂಪನಿ ಹೊರಡಿಸಲೇ ಇಲ್ಲ.

ಪಿಸಿಜಿಎಸ್, ಎನ್‌ಜಿಸಿ ಎಂಬ, ನಾಣ್ಯ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆಗಳ ಮೊಹರು ಮಾಡಿದ ಪ್ಲಾಸ್ಟಿಕ್ ಡಬ್ಬಿಗಳನ್ನೂ ನಕಲಿ ಮಾಡುತ್ತಾರೆ. ಸಂಸ್ಥೆಯ ಜಾಲತಾಣದಲ್ಲಿ ಪ್ರಮಾಣಪತ್ರದ ಸಂಖ್ಯೆ ಹಾಕಿ, ಅಲ್ಲಿ ಫೋಟೋ ಇದ್ದರೆ ಗೀರು ಗೀರಾಗಿ ಹೋಲಿಸಿ; ಅಸಲಿ ಸಂಖ್ಯೆಯನ್ನೇ ಕದ್ದು ನಕಲಿ ಡಬ್ಬಿಯ ಮೇಲೆ ಮುದ್ರಿಸುವುದೂ ಉಂಟು.