ಪೌಡರ್ ಹಾಕಿದೆ, ಫ್ಯಾಟು ಏರಲಿಲ್ಲ

ನಮ್ಮದು ತುಮಕೂರು ಕಡೆ. ಕೊಟ್ಟಿಗೆಯಲ್ಲಿ ಎಚ್‌ಎಫ್ ಕ್ರಾಸ್ (ಸೀಮೆ ತಳಿಯ ಮಿಶ್ರ) ಹಸು ಎರಡು, ಕಡಸು ಒಂದು. ಹೋದ ವರ್ಷ ಡೈರಿ ಚೀಟಿಯಲ್ಲಿ ಫ್ಯಾಟು, ಅಂದರೆ ಹಾಲಿನ ಕೊಬ್ಬು, ಶೇಕಡ 3.1, ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, 8.1 ಬರತೊಡಗಿತು. 3.5, 8.5 ಇಲ್ಲದಿದ್ದರೆ ರೇಟು ಕೈ ಕಚ್ಚುತ್ತದೆ. ಅಂಗಡಿಯವನು ಖನಿಜ ಮಿಶ್ರಣದ ಡಬ್ಬಿ ಕೊಟ್ಟು, "ಹದಿನೈದೇ ದಿನ, ಫ್ಯಾಟು ಏರುತ್ತೆ ನೋಡಿ" ಅಂದ. ದಿನಕ್ಕೆ 50 ಗ್ರಾಂ ಬೂಸಾದಲ್ಲಿ ಕಲಸಿ ಹಾಕಿದೆ. ತಿಂಗಳಾದರೂ ಚೀಟಿ ಅಲ್ಲಾಡಲಿಲ್ಲ.

ಪಶು ವೈದ್ಯರು ಡಬ್ಬಿ ನೋಡಲೇ ಇಲ್ಲ, ಗೋದಲಿ ನೋಡಿದರು. "ಬರೀ ಎಳೆ ಸೀಮೆಹುಲ್ಲು. ಒಣಹುಲ್ಲು ಎಲ್ರಿ?" ನಾರು ಕಡಿಮೆಯಾದರೆ ಮೆಲುಕು ಕಡಿಮೆ, ಜೊತೆಗೆ ಫ್ಯಾಟೂ ಕಡಿಮೆ. ರಾಗಿ ಹುಲ್ಲಿನ ಬಣವೆಯನ್ನು ಬೇಸಿಗೆಗೆ ಇರಲಿ ಅಂತ ಮುಟ್ಟಿರಲಿಲ್ಲ! ದಿನಕ್ಕೆ ನಾಲ್ಕೈದು ಕೆಜಿ ಹಾಕತೊಡಗಿದೆ. ಇನ್ನೊಂದು ತಪ್ಪೂ ಇತ್ತು. ಹಾಲು ಕರೆದು ಮುಗಿಯುವಾಗ ಕರು ಬಿಡುತ್ತಿದ್ದೆವು. ಕೊಬ್ಬು ಜಾಸ್ತಿ ಇರೋದೇ ಕೊನೆಯ ಹಾಲಿನಲ್ಲಿ ಅಲ್ವಾ? ಈಗ ಕರುವಿನ ಪಾಲು ಮೊದಲೇ ಕುಡಿಸುತ್ತೇವೆ. ತಿಂಗಳಲ್ಲಿ ಫ್ಯಾಟು 3.6 ಆಯಿತು. ಎಸ್‌ಎನ್‌ಎಫ್ ನಿಧಾನ. ಮುಸುಕಿನ ಜೋಳದ ನುಚ್ಚು, ಹಿಂಡಿ ಸ್ವಲ್ಪ ಏರಿಸಿದ ಮೇಲೆ 8.4ಕ್ಕೆ ಬಂತು.

ಹಾಗಂತ ಪೌಡರ್ ದಂಡ ಅಲ್ಲ. ನಮ್ಮ ಕಡಸು ಗೋಡೆ ನೆಕ್ಕುತ್ತಿತ್ತು, ಒಣಹಾಕಿದ ಬಟ್ಟೆ ಅಗಿಯುತ್ತಿತ್ತು. ನನ್ನವಳ ಹೊಸ ರವಿಕೆಯ ತೋಳೇ ಹೋಯಿತು. ಬೆದೆಗೂ ಬರುತ್ತಿರಲಿಲ್ಲ. ಜಂತಿನ ಔಷಧಿ ಕುಡಿಸಿ, ಪೌಡರ್ ಬಿಡದೆ ಹಾಕಿದೆ. ಮೂರನೇ ತಿಂಗಳಿಗೆ ಬೆದೆಗೆ ಬಂತು, ಗೋಡೆಯ ಗೋಜಿಗೂ ಹೋಗುತ್ತಿಲ್ಲ.

ನಾನು ಎಡವಿದ್ದು ಗೌರಿ ಹಸುವಿನ ವಿಷಯದಲ್ಲಿ. ಗಬ್ಬದ ಕೊನೇ ತಿಂಗಳು, ಶಕ್ತಿ ಬರಲಿ ಅಂತ ಸುಮ್ನೆ ಕ್ಯಾಲ್ಸಿಯಂ ಟಾನಿಕ್ ಕುಡಿಸಿದೆ. ಕರು ಹಾಕಿದ ಮರುದಿನ ನೋಡಿದರೆ ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದೆ, ಏಳಲೊಲ್ಲದು. ಕಿವಿ ತಣ್ಣಗೆ. ಹಾಲುಜ್ವರ, ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿತ್ತು. ಹೆಸರಿಗೆ ಜ್ವರ, ಮೈಯೆಲ್ಲ ತಂಪು. ಡಾಕ್ಟರು ಕತ್ತಿನ ನರದಲ್ಲಿ ಕ್ಯಾಲ್ಸಿಯಂ ಬಾಟಲಿ ನಿಧಾನವಾಗಿ ಏರಿಸಿದರು. ಅರ್ಧ ಗಂಟೆಗೆ ಗೌರಿ ತೇಗಿದಳು, ಸಗಣಿ ಹಾಕಿದಳು, ತಡಬಡಿಸಿ ಎದ್ದಳು. ಮೊದಲೇ ಹೊರಗಿನಿಂದ ಬೇಕಾದಷ್ಟು ಸಿಕ್ಕರೆ, ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳೋದನ್ನು ಮೈ ಮರೆತುಬಿಡುತ್ತದೆ ಅಂತ ಅವರು ಬಿಡಿಸಿ ಹೇಳಿದರು.

ಈಗ ಸೆಮೆನ್ ಕೊಡಿಸಿದ ದಿನದಿಂದ 280 ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಅದಕ್ಕೆ ಮೂರು ವಾರ ಮುಂಚೆ ಇನ್ನೊಂದು ಗುರುತು. ಅಲ್ಲಿಂದ ಕರು ಹಾಕೋವರೆಗೆ ಟಾನಿಕ್ ಅಟ್ಟದ ಮೇಲೆ.